ಸ್ಟೇಷನ್ ಹಿಡಿಯಲು ಬಿಡದ ರೇಡಿಯೊ

ಕೈ ಬೀಸಿದರೆ ಗೋಡೆಯ ಮೇಲೆ ಹೂವು ಅರಳುತ್ತದೆ, ಹೆಜ್ಜೆ ಇಟ್ಟರೆ ನೆಲದಲ್ಲಿ ಮೀನು ಓಡುತ್ತದೆ. ಇಂಥ 'ಇಂಟರಾಕ್ಟಿವ್' ಪ್ರದರ್ಶನಗಳು ಈಗ ಮಾಲ್‌ಗಳಿಗೂ ಬಂದಿವೆ. ಒಂದಕ್ಕೆ ಟಿಕೆಟ್ ಕೊಟ್ಟು ನಾನೂ ಹೋಗಿದ್ದೆ. ಎರಡನೇ ನಿಮಿಷಕ್ಕೇ ಬೇಜಾರಾಯಿತು. ನಾನು ಏನು ಮಾಡಿದರೆ ಏನಾಗುತ್ತದೆ ಅಂತ ಅಷ್ಟರಲ್ಲೇ ಗೊತ್ತಾಗಿಬಿಟ್ಟಿತ್ತು. ಆಮೇಲೆ ಉಳಿಯುವುದು ಸೆಲ್ಫಿ ಒಂದೇ.

ಹಾಗಾಗಿ ಅರವತ್ತು ವರ್ಷ ಹಳೆಯ ಒಂದು ಕೃತಿಯ ಬಗ್ಗೆ ಹೇಳುತ್ತೇನೆ. ಹೆಸರು 'ಆರೇಕಲ್'. ಗ್ರೀಕರ ಡೆಲ್ಫಿಯಲ್ಲಿ ಅಪೊಲೊ ದೇವರ ಪೂಜಾರಿಣಿ ಮೈಮೇಲೆ ದೇವರು ಬಂದು ನುಡಿಯುತ್ತಿದ್ದಳಲ್ಲ, ಆ ದೈವವಾಣಿಯ ಹೆಸರು. ಮಾಡಿದವರು ಅಮೆರಿಕದ ಕಲಾವಿದ ರಾಬರ್ಟ್ ರೌಶನ್‌ಬರ್ಗ್, ಅಲ್ಲಿನ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಹಾಜಸ್. 1962ರಲ್ಲಿ ಶುರುವಾಗಿ 1965ರಲ್ಲಿ ಮುಗಿಯಿತು.

ಐದು ಶಿಲ್ಪಗಳು. ಎಲ್ಲವೂ ಗುಜರಿ ಸಾಮಾನು. ಒಂದರಲ್ಲಿ ಕಾರಿನ ಬಾಗಿಲು, ಇನ್ನೊಂದರಲ್ಲಿ ಕಿಟಕಿಯ ಚೌಕಟ್ಟು, ಮತ್ತೊಂದರಲ್ಲಿ ತಗಡಿನ ಗಾಳಿಕೊಳವೆ, ನೀರಿನ ತೊಟ್ಟಿ. ಒಂದು ಮೆಟ್ಟಿಲು ಕೂಡ ಇದೆ. ಆ ಮೆಟ್ಟಿಲೊಳಗೇ ಬ್ಯಾಟರಿ, ಸರ್ಕ್ಯೂಟ್, ನಿಯಂತ್ರಣ ಎಲ್ಲ ಅಡಗಿವೆ. ಪ್ರತಿ ಶಿಲ್ಪಕ್ಕೂ ಒಂದೊಂದು ರೇಡಿಯೊ. ನೋಡಲು ಬಂದವರು ಗುಂಡಿ ತಿರುಗಿಸಿ ಸದ್ದು ಏರಿಸಬಹುದು, ಇಳಿಸಬಹುದು. ಸ್ಟೇಷನ್‌ಗಳ ಮೇಲೆ ಮುಳ್ಳು ಎಷ್ಟು ವೇಗವಾಗಿ ಓಡಬೇಕು ಅನ್ನುವುದನ್ನೂ ಬದಲಾಯಿಸಬಹುದು.

ಆದರೆ ಯಾವ ಸ್ಟೇಷನ್‌ನಲ್ಲೂ ನಿಲ್ಲಿಸಲು ಆಗುವುದಿಲ್ಲ.

ನನಗೆ ಇಡೀ ಕೃತಿ ಇಷ್ಟವಾಗಿದ್ದು ಈ ಒಂದು ತೀರ್ಮಾನದಿಂದ. ಹಾಡಿನ ಚೂರು, ವಾರ್ತೆಯ ಅರ್ಧ ವಾಕ್ಯ, ಜಾಹೀರಾತು, ಗೊರಗೊರ, ಮತ್ತೆ ಇನ್ಯಾರದೋ ದನಿ. ಐದೂ ಕಡೆಯಿಂದ ಒಟ್ಟಿಗೆ. ಬೇಸಿಗೆಯ ಸಂಜೆ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ನಡೆಯುವಾಗ ತೆರೆದ ಕಿಟಕಿಗಳಿಂದ ರೇಡಿಯೊ ಕೇಳಿಸಿದ ಹಾಗೆ ಅಂತ ಕ್ಲೂವರ್ ಬರೆದಿದ್ದಾರೆ. ರೇಡಿಯೊ ಮುಳ್ಳನ್ನು 612ಕ್ಕೆ ತಂದು ಬೆಂಗಳೂರು, 765ಕ್ಕೆ ತಂದು ಧಾರವಾಡ ಹಿಡಿದವರಿಗೆ ನಡುವಿನ ಆ ಗೊರಗೊರ ಚೆನ್ನಾಗಿ ಗೊತ್ತು. ನಾವು ಅದನ್ನು ದಾಟಿ ಹೋಗುತ್ತಿದ್ದೆವು. ಇಲ್ಲಿ ಅದರೊಳಗೇ ನಿಲ್ಲಬೇಕು.

ಪುರಾಣದ ಹೆಸರನ್ನು ಸುಮ್ನೆ ಶೋಕಿಗೆ ಇಟ್ಟಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಡೆಲ್ಫಿಗೆ ಹೋದವರು ಪ್ರಶ್ನೆ ಕೇಳಬಹುದಿತ್ತು. ಉತ್ತರ ಹೀಗೇ ಇರಲಿ ಅನ್ನುವ ಹಾಗಿರಲಿಲ್ಲ. ಯುದ್ಧಕ್ಕೆ ಹೊರಟರೆ ದೊಡ್ಡ ಸಾಮ್ರಾಜ್ಯವೊಂದು ನಾಶವಾಗುತ್ತದೆ ಅಂತ ಕ್ರೀಸಸ್ ರಾಜನಿಗೆ ಅಲ್ಲಿ ಹೇಳಿದ್ದರಂತೆ. ಅವನು ಖುಷಿಯಿಂದ ಹೋದ. ನಾಶವಾಗಿದ್ದು ಅವನದೇ.

ನಮಗೆ ಇದು ಹೊಸದೇನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನೋಡಿ. ಗೊರವಯ್ಯ ಎತ್ತರದ ಬಿಲ್ಲು ಏರಿ 'ಸದ್ದಲೇ' ಅನ್ನುತ್ತಾನೆ. ಅಷ್ಟೂ ಜನ ಗಪ್‌ಚುಪ್. ಒಂದೇ ಸಾಲು ನುಡಿದು ಮೇಲಿಂದ ಬೀಳುತ್ತಾನೆ. ಅದು ಮಳೆ ಬಗ್ಗೆಯೋ, ಬೆಳೆ ಬಗ್ಗೆಯೋ, ಮುಖ್ಯಮಂತ್ರಿ ಕುರ್ಚಿ ಬಗ್ಗೆಯೋ ಅನ್ನುವ ಚರ್ಚೆ ವರ್ಷಪೂರ್ತಿ ನಡೆಯುತ್ತದೆ, ಟಿವಿಯಲ್ಲೂ. ಅಲ್ಲಿ ಜನ ಸುಮ್ಮನೆ ಕೇಳುವವರಲ್ಲ. ಅರ್ಥ ಕಟ್ಟುವ ಅರ್ಧ ಕೆಲಸ ಅವರದೇ. ಮಾಲ್‌ನಲ್ಲಿ ನಮ್ಮ ಚಲನೆ ಗುರುತಿಸಿ ಮೀನು ಓಡಿಸುವ ಯಾವ ಸೆನ್ಸರ್ ಕೊಡುತ್ತದೆ ಇಂಥ ಪಾಲು?

ತಂತ್ರಜ್ಞಾನದ ಮಾತಿಗೆ ಬಂದರೆ, ಶಿಲ್ಪಗಳ ನಡುವೆ ವೈರ್ ಇರಬಾರದು ಅನ್ನುವುದು ಕಲಾವಿದನ ಹಟ. ಇವತ್ತು ಬ್ಲೂಟೂತ್ ಅಂದುಬಿಡುತ್ತೇವೆ. 1962ರಲ್ಲಿ ಅದು ದೊಡ್ಡ ತಲೆನೋವು. ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರುತ್ತಿತ್ತು. ಮೂರು ವರ್ಷ ಹಿಡಿದಿದ್ದಕ್ಕೆ ಇದೂ ಒಂದು ಕಾರಣ. ಇಲ್ಲಿ ಎಂಜಿನಿಯರ್ ಅಂದರೆ ಕಲಾವಿದ ಹೇಳಿದ ಕಡೆ ಪ್ಲಗ್ ಹಾಕುವವನಲ್ಲ. ಏನು ಸಾಧ್ಯ, ಏನು ಅಸಾಧ್ಯ ಅನ್ನುವ ಅವನ ಮಾತೇ ಕೃತಿಯ ಆಕಾರ ಬದಲಾಯಿಸುತ್ತದೆ. ಆದರೂ ಹೊಗಳುವಾಗ ನಾವು ಹೇಳುವುದು ಕಲಾವಿದನ ಹೆಸರು ಒಂದನ್ನೇ. ಹಾಜಸ್ ಹೆಸರು ಎಷ್ಟು ಜನ ಕೇಳಿದ್ದೀರಿ ಹೇಳಿ?

ರೌಶನ್‌ಬರ್ಗ್ ಮತ್ತು ಕ್ಲೂವರ್ ಅವರ ಇದೇ ಸ್ನೇಹದಿಂದ 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸೇನಾ ಕಟ್ಟಡವೊಂದರಲ್ಲಿ '9 ಈವನಿಂಗ್ಸ್' ಅನ್ನುವ ಪ್ರದರ್ಶನಗಳ ಸರಣಿ ನಡೆಯಿತು. ಹತ್ತು ಕಲಾವಿದರು, ಮೂವತ್ತರಷ್ಟು ಎಂಜಿನಿಯರ್‌ಗಳು. ಒಂದು ಆಟದಲ್ಲಿ ಟೆನಿಸ್ ರ‍್ಯಾಕೆಟ್ ಹಿಡಿಯೊಳಗೆ ಟ್ರಾನ್ಸ್‌ಮಿಟರ್. ಚೆಂಡಿಗೆ ಒಮ್ಮೆ ಹೊಡೆದರೆ ಢಣ್ ಅಂತ ಸದ್ದು, ಜೊತೆಗೆ ಒಂದು ದೀಪ ಆರುತ್ತದೆ. ಕೊನೆಗೆ ಪೂರ್ತಿ ಕತ್ತಲು. ಆಡಿದಷ್ಟೂ ಆಟವೇ ಕಾಣದಾಗುತ್ತದೆ!

1968ರಲ್ಲಿ ರೌಶನ್‌ಬರ್ಗ್ ಎಂಜಿನಿಯರ್‌ಗಳ ಜೊತೆ ಮಾಡಿದ 'ಸೌಂಡಿಂಗ್ಸ್' ಈಗ ಜರ್ಮನಿಯ ಕಲೋನ್‌ನಲ್ಲಿದೆ. ನೀವು ಸುಮ್ಮನಿದ್ದರೆ ಅದು ಕನ್ನಡಿ, ನಿಮ್ಮ ಮುಖವೇ ಕಾಣುತ್ತದೆ. ಮಾತಾಡಿ, ಕೂಗಿ, ಚಪ್ಪಾಳೆ ತಟ್ಟಿ, ಆಗ ಒಳಗೆ ದೀಪ ಹತ್ತಿ ಕುರ್ಚಿಗಳ ಚಿತ್ರ ಕಾಣುತ್ತವೆ. ಮ್ಯೂಸಿಯಮ್ಮಿನಲ್ಲಿ ಬಾಯಿ ಮುಚ್ಚಿಕೊಂಡೇ ಬೆಳೆದ ನಮಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾ?

ಭಾರತಕ್ಕೂ ಈ ಬಳಗದ ಗಾಳಿ ಬೀಸಿತ್ತು. '9 ಈವನಿಂಗ್ಸ್'ನಲ್ಲಿ ಇದ್ದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಮೂಗ್ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಸದ್ದು ಹುಟ್ಟಿಸುವ ವಾದ್ಯ, ಜೋಡಿಸಿಕೊಟ್ಟರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಮತ್ತಿತರರು ಅದರಲ್ಲಿ ಮಾಡಿದ ಪ್ರಯೋಗಗಳ ಟೇಪ್‌ಗಳು ಹೊರಗಿನವರಿಗೆ ಕೇಳಸಿಕ್ಕಿದ್ದು ತೀರಾ ಇತ್ತೀಚೆಗೆ. ಅಷ್ಟು ವರ್ಷ ಸುಮ್ನೆ ಇದ್ದವು.

'ಆರೇಕಲ್' ಇರುವುದು ಪ್ಯಾರಿಸ್ಸಿನ ಪಾಂಪಿಡೂ ಸೆಂಟರ್ ಸಂಗ್ರಹದಲ್ಲಿ. ದುರಸ್ತಿಗಾಗಿ ಆ ಕಟ್ಟಡವನ್ನು 2025ರಲ್ಲಿ ಮುಚ್ಚಿದ್ದಾರೆ, ತೆರೆಯುವುದು 2030ಕ್ಕಂತೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಈ ಕೃತಿ ಹುಟ್ಟಿದ್ದು ಎಎಂ, ಅಂದರೆ ನಮ್ಮ ಹಳೆಯ ಮಧ್ಯಮ ತರಂಗದ ಥರದ ರೇಡಿಯೊ ಕಾಲದಲ್ಲಿ. ಯುರೋಪಿನಲ್ಲಿ ಎಎಂ ಸ್ಟೇಷನ್‌ಗಳು ಒಂದೊಂದಾಗಿ ಮುಚ್ಚುತ್ತಿವೆ. ಫ್ರಾನ್ಸಿನ ಸರ್ಕಾರಿ ರೇಡಿಯೊ 2015ರ ಕೊನೆಗೇ ಮಧ್ಯಮ ತರಂಗ ನಿಲ್ಲಿಸಿತು. ದೈವವಾಣಿಗೆ ದನಿಯೇ ಸಿಗದಿದ್ದರೆ ಏನು ಮಾಡಬೇಕು?

ಹಳೆಯ ನ್ಯೂಯಾರ್ಕ್ ರೇಡಿಯೊ ರೆಕಾರ್ಡಿಂಗ್ ಹಾಕಬಹುದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನಂತೂ ಒಪ್ಪುವುದಿಲ್ಲ. ಮುಂದೇನು ಬರುತ್ತದೆ ಅಂತ ಗೊತ್ತಿರುವ ಟೇಪ್ ಹಾಕಿದರೆ ಅದು ಮಾಲ್‌ನ ಮೀನಿಗಿಂತ ಜಾಸ್ತಿ ಏನಲ್ಲ. ಎಫ್‌ಎಂಗೆ ಬದಲಾಯಿಸಲಿ, ಇನ್ನೇನಾದರೂ ಹಿಡಿಯಲಿ. ಅದೂ ಆಗದಿದ್ದರೆ ಬರೀ ಗೊರಗೊರ ಕೇಳಿಸಲಿ. ಆ ಹೊತ್ತಿನ ಗಾಳಿಯಲ್ಲಿ ಇರುವುದು ಅಷ್ಟೇ ಆದರೆ, ಅಷ್ಟೇ. ನಿಮಗೇನನ್ನಿಸುತ್ತದೆ? ಎಲೆಕ್ಟ್ರಾನಿಕ್ಸ್ ಬಲ್ಲವರು ದಯವಿಟ್ಟು ಹೇಳಿ.