ಮುದ್ದು ಕೃಷ್ಣರು ಬೇಕಾಗಿದ್ದಾರೆ

ಈ ಸಲ ಅಷ್ಟಮಿಗೆ ನಮ್ಮ ಬಡಾವಣೆಯ ಸಂಘದವರು ಮುದ್ದು ಕೃಷ್ಣ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಉಡುಪಿಯಲ್ಲಿ ರಿಟೈರ್ಡ್ ಮಾಷ್ಟ್ರು ಅಂದ ಮೇಲೆ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಶಾಲು ಒಂದು, ಹಾರ ಒಂದು, ಕೈಗೊಂದು ಅಂಕಪಟ್ಟಿ.

ಬಹುಮಾನ ಹನ್ನೆರಡು ಇತ್ತು. ಕೃಷ್ಣರು ಐದೇ ಜನ.

ಹದಿನೈದು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ಕೃಷ್ಣರಿಗೆ ಟೋಕನ್ ಕೊಡಬೇಕಾಗುತ್ತಿತ್ತು. ಒಬ್ಬ ಬೆಣ್ಣೆ ತಿನ್ನುತ್ತಿದ್ದರೆ ಇನ್ನೊಬ್ಬ ಅವನ ನವಿಲುಗರಿ ಕೀಳುತ್ತಿದ್ದ, ಮೂರನೆಯವನು ಚಾಪೆ ಒದ್ದೆ ಮಾಡಿ ಏನೂ ಗೊತ್ತಿಲ್ಲದವನ ಹಾಗೆ ಕೂತಿರುತ್ತಿದ್ದ. ಈ ಸಲ ಚಾಪೆ ಒಣಗಿಯೇ ಇತ್ತು. ನಿಯಮದಲ್ಲಿ ಐದು ವರ್ಷದ ಒಳಗಿನವರು ಅಂತ ಇದ್ದದ್ದು. ಎರಡೇ ಹೆಸರು ಬಂದಾಗ ಎಂಟು ವರ್ಷ ಮಾಡಿದರು, ಮತ್ತೆ ಹತ್ತು. ಹಾಗಾಗಿ ನನ್ನ ಎದುರು ಬಂದು ನಿಂತ ಒಬ್ಬ ಕೃಷ್ಣ ನಾಲ್ಕನೇ ಕ್ಲಾಸು. ಸೊಂಟದಲ್ಲಿ ಕೊಳಲಿನ ಪಕ್ಕ ಅಮ್ಮನ ಮೊಬೈಲ್. "ಬೆಣ್ಣೆ ಕದ್ದದ್ದು ಯಾರು ಕೃಷ್ಣಾ?" ಅಂತ ಕೇಳಿದೆ. "ಅಂಕಲ್, ಇದು ಎಷ್ಟು ಹೊತ್ತಿಗೆ ಮುಗಿತದೆ? ನನಗೆ ಅಬಾಕಸ್ ಕ್ಲಾಸ್ ಉಂಟು" ಅಂದ.

ಐದನೆಯ ಕೃಷ್ಣ ಮಸ್ಕತ್‌ನಿಂದ ವಿಡಿಯೋ ಕಾಲ್‌ನಲ್ಲಿ ಬಂದಿದ್ದ. ಅವನನ್ನು ಸೇರಿಸಿಕೊಳ್ಳಬಹುದಾ ಅಂತ ಸಮಿತಿಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಖಜಾಂಚಿಗಳೇ ದಾರಿ ತೋರಿಸಿದರು. "ಕೃಷ್ಣ ದ್ವಾರಕೆಗೆ ಹೋಗಿರಲಿಲ್ವಾ ಮಾರಾಯ್ರೆ? ಮಸ್ಕತ್ ಅಂದರೆ ಅದೇ ಸಮುದ್ರದ ಆಚೆ ಬದಿ." ಐದೂ ಜನರಿಗೆ ಬಹುಮಾನ ಬಂತು. ಉಳಿದದ್ದರಲ್ಲಿ ಒಂದು ತೀರ್ಪುಗಾರರಿಗೆ. ಆನೆಮರಿಯ ಚಿತ್ರ ಇರುವ ಟಿಫಿನ್ ಡಬ್ಬಿ. ಮನೆಯಲ್ಲಿ ನನ್ನ ಹೆಂಡತಿ ಅದರಲ್ಲಿ ಸಾಸಿವೆ ಹಾಕಿಟ್ಟಿದ್ದಾಳೆ.

ಅವತ್ತು ರಾತ್ರಿ ಸಂಘದ ಅಧ್ಯಕ್ಷರಿಗೆ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಆರಕ್ಕೇ ಫೋನು. "ಮಾಷ್ಟ್ರೆ, ಹೀಗಾದರೆ ಮುಂದಿನ ವರ್ಷ ಕೃಷ್ಣನ ವೇಷ ನಾವೇ ಹಾಕಬೇಕಾಗ್ತದೆ. ಒಂದು ಸಭೆ ಮಾಡುವ. ಜನಸಂಖ್ಯೆ ಕುಸಿತ, ಒಂದು ಚಿಂತನೆ."

ನನಗೇನು ಇದು ಹೊಸ ವಿಷಯ ಅಲ್ಲ. ಕನ್ನಡ ಶಾಲೆಯ ಮಾಷ್ಟ್ರಾಗಿ ಕೊನೆಯ ಎಂಟು ವರ್ಷ ನಾನು ಪಾಠ ಮಾಡಿದ್ದಕ್ಕಿಂತ ಮಕ್ಕಳನ್ನು ಹುಡುಕಿದ್ದೇ ಜಾಸ್ತಿ. ಏಪ್ರಿಲ್ ಬಂತೆಂದರೆ ಕೊಡೆ ಹಿಡಿದು ಮನೆಮನೆಗೆ ಹೋಗುವುದು. ತೊಟ್ಟಿಲು ಕಂಡರೆ ಸಾಕು, "ಇದು ನಮ್ಮಲ್ಲಿಗೇ ಅಲ್ವಾ?" ಅಂತ ಬುಕ್ ಮಾಡಿ ಬರುವುದು. ಆರು ವರ್ಷ ಕಾದ ಮೇಲೆ ಆ ಮಗು ಹಳದಿ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಟಾಟಾ ಮಾಡುತ್ತಾ ಹೋಗುತ್ತಿತ್ತು. ಇರಲಿ.

ಲೆಕ್ಕ ಇಷ್ಟೇ. ಜನಸಂಖ್ಯೆ ಇದ್ದಲ್ಲೇ ಇರಬೇಕಾದರೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಅಂಕ 2.0, ಕರ್ನಾಟಕದ್ದು 1.7. ಇದರಲ್ಲಿ ನಮ್ಮ ತಪ್ಪು ಏನು ಹೇಳಿ? ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. 1952ರಲ್ಲಿ ಭಾರತ ಇಡೀ ಪ್ರಪಂಚದಲ್ಲೇ ಮೊದಲು ಕುಟುಂಬ ಯೋಜನೆ ಅಂತ ಸರ್ಕಾರಿ ಕಾರ್ಯಕ್ರಮ ಮಾಡಿತು. 1968ರಲ್ಲಿ ಸರ್ಕಾರದ ನಿರೋಧ್ ಕಾಂಡೋಮ್ ಅಂಗಡಿಗೆ ಬಂತು. ತುರ್ತು ಪರಿಸ್ಥಿತಿಯಲ್ಲಿ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಜಾಸ್ತಿ ಗಂಡಸರಿಗೆ ಆಪರೇಷನ್ ಆಯಿತು, ಉತ್ತರದ ಕಡೆ ಮಾಷ್ಟ್ರುಗಳಿಗೂ ಇಷ್ಟು ಜನರನ್ನು ಹಿಡಿದು ತನ್ನಿ ಅಂತ ಟಾರ್ಗೆಟ್ ಇತ್ತು. ನಾವಿಬ್ಬರು ನಮಗಿಬ್ಬರು. ಚಿಕ್ಕ ಸಂಸಾರ ಚೊಕ್ಕ ಸಂಸಾರ. ಆರತಿಗೊಬ್ಬಳು ಕೀರ್ತಿಗೊಬ್ಬ. ಗೋಡೆ ಕಂಡಲ್ಲೆಲ್ಲ ಕೆಂಪು ತ್ರಿಕೋನ. ನಾವು ಕರಾವಳಿಯವರು ಪರೀಕ್ಷೆ ಅಂದರೆ ಸುಮ್ನೆ ಬಿಡುವವರಲ್ಲ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡಿ ಬೇಕಾದರೆ. ಇದನ್ನೂ ಬಾಯಿಪಾಠ ಮಾಡಿ ಬರೆದೆವು, ಫಸ್ಟ್ ಕ್ಲಾಸಲ್ಲಿ ಪಾಸಾದೆವು. ಈಗ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದ ಮೇಲೆ ಮೇಲ್ವಿಚಾರಕರು ಓಡಿ ಬಂದು, ಪ್ರಶ್ನೆಪತ್ರಿಕೆ ತಪ್ಪಾಗಿತ್ತು, ಮೂರು ಬರೆಯಬೇಕಿತ್ತು ಅನ್ನುತ್ತಿದ್ದಾರೆ.

ಸಭೆಗೆ ಫ್ಲೆಕ್ಸ್ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಫ್ಯಾಮಿಲಿ ಫೋಟೋ ಬೇಕಾ ಮಾಷ್ಟ್ರೆ? ರೆಡಿ ಉಂಟು" ಅಂತ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದ. ಅಪ್ಪ, ಅಮ್ಮ, ಒಂದು ಮಗ, ಒಂದು ಮಗಳು. ಇನ್ನೊಂದರಲ್ಲಿ ಅಪ್ಪ, ಅಮ್ಮ, ಒಂದು ಮಗು, ಒಂದು ನಾಯಿ. ಇಡೀ ಫೋಲ್ಡರ್ ಜಾಲಾಡಿದರೂ ಮೂರು ಮಕ್ಕಳ ಸಂಸಾರ ಸಿಗಲಿಲ್ಲ.

"ಅಧ್ಯಕ್ಷರು ಮೂರು ಅಂದಿದ್ದಾರೆ" ಅಂದೆ.

"ಮೂರನೆಯದು ಮಾಡುವ, ಎಂಥ ದೊಡ್ಡ ಕೆಲಸ?"

ಮಗನನ್ನು ಕಾಪಿ ಮಾಡಿದ. ಪೇಸ್ಟ್ ಮಾಡಿದ. ಬಲಗಡೆ ಇದ್ದ ಮುಖವನ್ನು ಎಡಕ್ಕೆ ತಿರುಗಿಸಿದ, ಸ್ವಲ್ಪ ಗಿಡ್ಡ ಮಾಡಿದ, ಕೆಂಪು ಅಂಗಿಗೆ ಹಸಿರು ಬಣ್ಣ ತುಂಬಿದ. ಐದು ನಿಮಿಷದಲ್ಲಿ ಹೆರಿಗೆ ಮುಗಿಯಿತು. ಒಂದೇ ತೊಂದರೆ. ಮೂಲ ಫೋಟೋದಲ್ಲಿ ಆ ಹುಡುಗ ಅಮ್ಮನ ಕೈ ಹಿಡಿದಿದ್ದ. ಈ ಹೊಸಬನಿಗೆ ಹಿಡಿಯಲು ಕೈ ಸಿಗಲಿಲ್ಲ. ತಾಯಿಯ ಎರಡು ಕೈಯಲ್ಲೂ ಒಂದೊಂದು ಮಗು ಮೊದಲೇ ಇತ್ತು. ಇವನು ಗಾಳಿಯಲ್ಲಿ ಕೈ ಚಾಚಿಕೊಂಡು, ಬಾಯಿ ತುಂಬ ನಗುತ್ತಾ ನಿಂತ.

"ಅಪ್ಪನ ಕೈ ಕೊಡಲಿಕ್ಕಾಗುವುದಿಲ್ವಾ?" ಅಂತ ಕೇಳಿದೆ.

"ಅಪ್ಪನ ಕೈ ಪ್ಯಾಂಟಿನ ಜೇಬಲ್ಲಿ ಉಂಟು ಮಾಷ್ಟ್ರೆ. ಅದು ಹೊರಗೆ ಬರುವುದಿಲ್ಲ."

ಹುಡುಗನಿಗೆ ಮೂವತ್ತಾರು, ಇನ್ನೂ ಮದುವೆಯಾಗಿಲ್ಲ. ನಿನ್ನದು ಯಾವಾಗ ಅಂದರೆ, "ಫ್ಲೆಕ್ಸ್ ಅಂಗಡಿಯವನಿಗೆ ಯಾರು ಹೆಣ್ಣು ಕೊಡ್ತಾರೆ? ಹುಡುಗಿಗೆ ಬೆಂಗಳೂರೇ ಆಗ್ಬೇಕಂತೆ" ಅಂದ. 2023ರಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದರಲ್ಲ, ಅದರ ಬ್ಯಾನರ್ ಎಷ್ಟು ಅಡಿ ಇತ್ತು ಅಂತಲೂ ವಿಚಾರಿಸಿದ. ವ್ಯಾಪಾರ ವ್ಯಾಪಾರವೇ.

ಸಭೆ ಭಾನುವಾರ. ವೇದಿಕೆಯಲ್ಲಿ ಐದು ಜನ ಗಂಡಸರು. ಅವರ ಮಕ್ಕಳನ್ನೆಲ್ಲ ಕೂಡಿಸಿದರೆ ಆರು. ಅದರಲ್ಲಿ ಒಂದು ಟೊರೊಂಟೊ, ಎರಡು ಸಿಡ್ನಿ, ಎರಡು ಬೆಂಗಳೂರು, ಒಂದು ಮಣಿಪಾಲದಲ್ಲಿ ಇನ್ನೂ ಓದುತ್ತಾ ಉಂಟು. ಒಬ್ಬರಿಗೂ ಮೊಮ್ಮಕ್ಕಳಿಲ್ಲ, ಆದರೆ ಒಬ್ಬರ ಮಗಳು ಒಂದು ಬೆಕ್ಕು ಸಾಕಿದ್ದಾಳೆ, ಅದಕ್ಕೆ ಇವರು ಪ್ರತಿ ರಾತ್ರಿ ಫೋನಲ್ಲಿ ಮುದ್ದು ಮಾಡುತ್ತಾರೆ. ಹೆಂಗಸರೆಲ್ಲ ಹಿಂದೆ ಗೋಳಿಬಜೆ, ಚಟ್ನಿ ನೋಡಿಕೊಳ್ಳುತ್ತಿದ್ದರು.

ಮೊದಲನೆಯವರು ರಾಜಕೀಯ ತೆಗೆದರು. ಆಂಧ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಪಂಚಾಯ್ತಿ ಚುನಾವಣೆಗೆ ನಿಲ್ಲಬಾರದು ಅಂತ ಕಾನೂನಿತ್ತು, 2024ರಲ್ಲಿ ಅದನ್ನು ತೆಗೆದುಹಾಕಿದರು. ಅಲ್ಲಿ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅನ್ನುತ್ತಾರೆ. ತಮಿಳುನಾಡಿನಲ್ಲಿ ಸ್ಟಾಲಿನ್ ಸಾಮೂಹಿಕ ಮದುವೆಯೊಂದರಲ್ಲಿ ಹದಿನಾರು ಮಕ್ಕಳ ಮಾತೆತ್ತಿದ್ದರು. ಆರ್‌ಎಸ್‌ಎಸ್‌ನ ಮೋಹನ್ ಭಾಗವತ್ ಕನಿಷ್ಠ ಮೂರು ಅಂದರು. ಜನಸಂಖ್ಯೆ ನೋಡಿ ಕ್ಷೇತ್ರ ಮರುವಿಂಗಡಣೆ ಆದರೆ ದಕ್ಷಿಣಕ್ಕೆ ಎಂಪಿ ಸೀಟು ಕಮ್ಮಿ ಆಗುವ ಭಯ ಬೇರೆ. ಅಂದರೆ ಹುಟ್ಟುವ ಮಗು ಅಳುವ ಮೊದಲೇ ಅದರ ಕೈಗೆ ವೋಟರ್ ಐಡಿ. ಒಬ್ಬರಿಗೆ ಸೀಟಿಗೆ ಬೇಕು, ಒಬ್ಬರಿಗೆ ಸಮುದಾಯಕ್ಕೆ, ನಮ್ಮ ಅಧ್ಯಕ್ಷರಿಗೆ ಮುದ್ದು ಕೃಷ್ಣ ಸ್ಪರ್ಧೆಗೆ. ನಾನೇನು ಸಾಚಾ ಅಲ್ಲ, ನನಗೂ ಬೇಕಾಗಿದ್ದದ್ದು ಹಾಜರಿ ಪುಸ್ತಕಕ್ಕೆ.

ಎರಡನೆಯವರು ಪ್ರಪಂಚ ಸುತ್ತಿಸಿದರು. ಇವರ ಭಾಷಣ ನನಗೆ ನಿಜವಾಗಿ ಇಷ್ಟವಾಯಿತು, ಯಾಕೆಂದರೆ ಪ್ರಪಂಚದಲ್ಲಿ ನಮಗಿಂತ ದೊಡ್ಡ ಸಂಘದವರು ಇದ್ದಾರೆ ಅಂತ ಗೊತ್ತಾಯಿತು. ಸಿಂಗಾಪುರ 1970ರ ದಶಕದಲ್ಲಿ "ಎರಡಕ್ಕೇ ನಿಲ್ಲಿಸಿ" ಅಂತ ಕಟ್ಟುನಿಟ್ಟು ಮಾಡಿತು. ಜನ ನಿಲ್ಲಿಸಿದರು. 1987ರಲ್ಲಿ "ಕೈಲಾದರೆ ಮೂರು ಮಾಡಿ" ಅಂತ ತಿರುಗಿ ಹೇಳಿತು. ಯಾರೂ ಕೇಳಲಿಲ್ಲ, ಈಗ ಅಲ್ಲಿ ಒಂದಕ್ಕಿಂತಲೂ ಕೆಳಗೆ. ಚೀನಾ ಮೂವತ್ತೈದು ವರ್ಷ ಒಂದೇ ಮಗು ಅಂತ ದಂಡ ಹಾಕಿತು. 2016ಕ್ಕೆ ಎರಡು ಅಂದಿತು, 2021ಕ್ಕೆ ಮೂರು ಅಂದಿತು. ಮೂರು ವರ್ಷದ ಒಳಗಿನ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುತ್ತೇನೆ ಅಂದಿತು. ಸಾಲದ್ದಕ್ಕೆ 2026ರ ಜನವರಿಯಿಂದ ಕಾಂಡೋಮಿನ ಮೇಲೆ 13 ಪರ್ಸೆಂಟ್ ತೆರಿಗೆ. ಕಾಂಡೋಮಿನ ರೇಟು ಜಾಸ್ತಿ ಆಯಿತಲ್ಲ, ಹೋಗಲಿ, ಮಗುವನ್ನೇ ಹೆತ್ತು ಎಂಜಿನಿಯರಿಂಗ್ ಓದಿಸುವ ಅಂತ ಲೆಕ್ಕ ಹಾಕುವ ದಂಪತಿಯನ್ನು ಬೀಜಿಂಗ್‌ನಲ್ಲಿ ಎಲ್ಲಿಯಾದರೂ ಕಂಡರೆ ನನಗೆ ತಿಳಿಸಿ.

ಹಂಗೇರಿಯಲ್ಲಿ ನಾಲ್ಕು ಹೆತ್ತ ತಾಯಿಗೆ ಜನ್ಮಪೂರ್ತಿ ಆದಾಯ ತೆರಿಗೆ ಇಲ್ಲ. ರಷ್ಯಾದಲ್ಲಿ ಹತ್ತು ಹೆತ್ತರೆ ಪದಕ, ಹತ್ತು ಲಕ್ಷ ರೂಬಲ್. ದಕ್ಷಿಣ ಕೊರಿಯಾ ಹದಿನಾರು ವರ್ಷದಲ್ಲಿ ಸುಮಾರು 20,000 ಕೋಟಿ ಡಾಲರ್ ಸುರಿಯಿತು. 2023ರಲ್ಲಿ ಅಲ್ಲಿನ ಅಂಕ 0.72ಕ್ಕೆ ಇಳಿಯಿತು. ಅದೇ ಕೊರಿಯಾದ ಎಷ್ಟೋ ಹೋಟೆಲ್‌ಗಳ ಬಾಗಿಲಲ್ಲಿ "ಮಕ್ಕಳಿಗೆ ಪ್ರವೇಶವಿಲ್ಲ" ಅಂತ ಬೋರ್ಡ್. ಜಪಾನಿನ ಒಂದು ಕಂಪನಿ 2024ರಲ್ಲಿ ತನ್ನ ದೇಶದಲ್ಲಿ ಮಕ್ಕಳ ಡೈಪರ್ ಮಾಡುವುದನ್ನೇ ನಿಲ್ಲಿಸಿ ಮುದುಕರ ಡೈಪರ್‌ಗೆ ಕೈ ಹಾಕಿತು. ಇದನ್ನು ಕೇಳಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ನಮಗೆಲ್ಲ ಸ್ವಲ್ಪ ಮುಜುಗರವಾಯಿತು.

ಮುಖ್ಯ ಅತಿಥಿಗಳು ಕೊನೆಗೆ ಎದ್ದರು. ಅವರದು ಉಡುಪಿಗೆ ತಕ್ಕ ಅಸ್ತ್ರ. "ನಮ್ಮ ಕೃಷ್ಣ ದೇವಕಿಗೆ ಎಷ್ಟನೆಯ ಮಗ? ಎಂಟನೆಯವ! ದೇವಕಿ ನಾವಿಬ್ಬರು ನಮಗಿಬ್ಬರು ಅಂದಿದ್ದರೆ ರಥಬೀದಿ ಇರುತ್ತಿತ್ತಾ? ಮಠದ ಪರ್ಯಾಯ ಉತ್ಸವ ಇರುತ್ತಿತ್ತಾ?" ಜೋರು ಚಪ್ಪಾಳೆ.

ಆಗ ಹಿಂದಿನಿಂದ ಒಬ್ಬರು ಕೈ ಎತ್ತಿದರು. ಸ್ಪರ್ಧೆಯ ಅತಿ ಚಿಕ್ಕ ಕೃಷ್ಣನ ಅಮ್ಮ. ಯಾವುದೋ ಖಾಸಗಿ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಇನ್ನೂ ಚಟ್ನಿಯ ಸೌಟು.

"ಸರ್, ಒಂದು ಡೌಟು. ದೇವಕಿ ಎಂಟು ಹೆತ್ತದ್ದು ಹೌದು. ಸಾಕಿದ್ದು ಯಾರು?"

"ಯಶೋದೆ" ಅಂದರು ಅತಿಥಿಗಳು, ಕ್ವಿಜ್‌ನಲ್ಲಿ ಉತ್ತರ ಗೊತ್ತಿರುವವರ ಖುಷಿಯಲ್ಲಿ.

"ಆ ಯಶೋದೆಯ ನಂಬರ್ ಸ್ವಲ್ಪ ಕೊಡಿ ಸರ್. ಮತ್ತೆ, ಕಾನೂನಿನಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ ರಜೆ, ಮೂರನೆಯದಕ್ಕೆ 12 ವಾರ. ಮೂರನೆಯ ಮಗು ಬೇಗ ದೊಡ್ಡದಾಗ್ತದಾ ಸರ್?"

ಕಾನೂನು ನಿಜ. 2017ರಲ್ಲಿ ತಿದ್ದುಪಡಿ ಆದಾಗಿನಿಂದ ಹಾಗೇ ಉಂಟು. ಭಾಷಣದಲ್ಲಿ ಮೂರು, ಕಡತದಲ್ಲಿ ಇನ್ನೂ ಎರಡು. ಮಾತೃವಂದನಾ ಯೋಜನೆಯ ಹಣ ಮೊದಲ ಮಗುವಿಗೆ ಸಿಗುತ್ತದೆ, ಎರಡನೆಯದು ಹೆಣ್ಣಾದರೆ ಸಿಗುತ್ತದೆ. ಮೂರನೆಯದು ಗಾಳಿಯಲ್ಲಿ ಕೈ ಚಾಚಿಕೊಂಡು ನಿಲ್ಲಬೇಕು.

ಯಶೋದೆಯ ವಿಷಯ ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆ ಬಾಣಂತನ ಅಂದರೆ ಅಮ್ಮನ ಮನೆ, ಹಂಡೆ ತುಂಬ ಬಿಸಿನೀರು, ಎಣ್ಣೆ, ಲೇಹ್ಯ, ಬಾಣಂತಿಗೆ ಮೀಯಿಸಲು ಬರುವ ಒಬ್ಬ ಗಟ್ಟಿ ಹೆಂಗಸು. ಈಗ ಮೀಯಿಸುವವರಿಗೆ ಮೂರು ತಿಂಗಳು ಮೊದಲೇ ಹೇಳಬೇಕು, ಅವರ ಮಗಳೂ ಬೆಂಗಳೂರಿನಲ್ಲಿ. ಅಜ್ಜಿಯಂತೂ ವೀಸಾದಲ್ಲಿ ಓಡಾಡುವ ಜೀವ. ನಮ್ಮ ಎದುರು ಮನೆಯ ಅಕ್ಕ ಮೂರು ವರ್ಷದಲ್ಲಿ ಸಿಡ್ನಿಗೆ ಎರಡು ಸಲ, ದುಬೈಗೆ ಒಂದು ಸಲ ಬಾಣಂತನಕ್ಕೆ ಹೋದರು. ಸೂಟ್‌ಕೇಸಿನಲ್ಲಿ ಲೇಹ್ಯದ ಬಾಟಲಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಇದೇನು ಅಂತ ಕೇಳಿದಾಗ, ಇವರಿಗೆ ಇಂಗ್ಲಿಷ್ ಹೊಳೆಯದೆ ಮುಚ್ಚಳ ತೆಗೆದು ಒಂದು ಚಮಚ ತಿಂದು ತೋರಿಸಿದರಂತೆ. ಮೂರನೆಯದಕ್ಕೆ ಬರುತ್ತೀಯಾ ಅಂತ ಮಗಳು ಕೇಳಿದ್ದಾಳೆ. "ಮಾಷ್ಟ್ರೆ, ನನ್ನ ಮಂಡಿ ಎರಡೇ ಇರುವುದು" ಅಂದರು.

ಇಷ್ಟಾಗಿಯೂ ಮದುವೆಯಾಗಿ ಆರು ತಿಂಗಳಾದ ಹುಡುಗಿ ಸಿಟಿ ಬಸ್ಸಲ್ಲಿ ಸಿಕ್ಕಿದರೆ ನಾವು ಕೇಳುವ ಪ್ರಶ್ನೆ ಒಂದೇ. "ಮತ್ತೆ? ವಿಶೇಷ ಉಂಟಾ?"

ಸಭೆಯಲ್ಲಿ ಆಕೆಯ ಪ್ರಶ್ನೆಗೆ ಅಧ್ಯಕ್ಷರು, "ಒಳ್ಳೆಯ ಸಲಹೆ ಬಂದಿದೆ, ಕೆಲಸಕ್ಕೆ ಹೋಗುವ ತಾಯಂದಿರಿಗೆ ಶಿಶುಪಾಲನಾ ಕೇಂದ್ರದ ಬಗ್ಗೆ ಉಪಸಮಿತಿ ಮಾಡುವ" ಅಂದರು. ಉಪಸಮಿತಿಯಲ್ಲಿ ವೇದಿಕೆಯ ಮೇಲಿನ ಐದೂ ಜನ. ಆಕೆಯ ಹೆಸರು ಯಾರಿಗೂ ನೆನಪಾಗಲಿಲ್ಲ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಮುಗಿಯಲು ಹತ್ತು ವರ್ಷ ಹಿಡಿಯಿತು. ಈ ಕೇಂದ್ರ ಅಷ್ಟೇ ಬೇಗ ಮುಗಿದರೂ ಆ ಪುಟ್ಟ ಕೃಷ್ಣ ಹೈಸ್ಕೂಲಿಗೆ ಹೋಗುತ್ತಿರುತ್ತಾನೆ. ಆಮೇಲೆ "ಪ್ರತಿ ಮನೆಗೆ ಮೂರು" ಅಂತ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಹೆಂಗಸರು ಆಗ ತಟ್ಟೆ ತೊಳೆಯುತ್ತಿದ್ದರು.

ಸಂಜೆ ಮಳೆ ಹನಿಯುತ್ತಿತ್ತು. ನಾನು ಕೊಡೆ ಬಿಚ್ಚಿ ಹಾಲ್‌ನ ಹಿಂದೆ ಬಂದೆ. ಅಲ್ಲಿ ಮೊದಲು ಒಂದು ಜೋಕಾಲಿ, ಒಂದು ಜಾರುಬಂಡಿ ಇತ್ತು. ಆಡುವವರು ಇಲ್ಲ ಅಂತ ಹೋದ ವರ್ಷ ಅದನ್ನು ಕಿತ್ತು ಇಂಟರ್‌ಲಾಕ್ ಹಾಕಿ ಪಾರ್ಕಿಂಗ್ ಮಾಡಿದ್ದಾರೆ. ಅಧ್ಯಕ್ಷರ ಹೊಸ ಕಾರು ಅಲ್ಲೇ ನಿಂತಿತ್ತು, ಮೇಲೆ ನಮ್ಮ ಫ್ಲೆಕ್ಸ್ ಹೊದೆಸಿ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿದ್ದರು. ಅಪ್ಪ ಅಮ್ಮ ಟಾಪಿನ ಮೇಲೆ ಮಲಗಿದ್ದರು. ಹಸಿರು ಅಂಗಿಯ ಹುಡುಗ ಸರಿಯಾಗಿ ಬಾನೆಟ್ ಮೇಲೆ ಬಂದಿದ್ದ. ಪುಟ್ಟ ಕೃಷ್ಣ ಅಮ್ಮನ ಕೈ ಬಿಡಿಸಿಕೊಂಡು ಓಡಿಹೋಗಿ ಆ ಚಾಚಿದ ಕೈಯ ಮೇಲೆ ತನ್ನ ಕೈ ಇಟ್ಟ.

"ಏ ಮಗೂ, ಮುಟ್ಟಬೇಡ" ಅಂತ ವಾಚ್‌ಮನ್ ಕೂಗಿದ. "ಗೀರು ಬೀಳ್ತದೆ."