ಹಳೇ ರೆಕಾರ್ಡ್ ಎಲ್ಲಿ ಸಿಗುತ್ತೆ, ಸ್ವಾಮಿ?

ಟ್ಯಾಕ್ಸಿಯವರಿಗೆ "ಹಳೇ ರೆಕಾರ್ಡ್ ಸಿಗೋ ಜಾಗಕ್ಕೆ ಬಿಡಿ" ಅಂದೆ. ಅವರು ಏನೂ ಕೇಳದೆ ತಲೆಯಾಡಿಸಿದ ರೀತಿ ನೋಡಿ ಖುಷಿಯಾಯಿತು. ನನ್ನಂಥವರನ್ನು ದಿನಾ ಅಲ್ಲಿಗೇ ಸಾಗಿಸಿ ಅಭ್ಯಾಸ ಇದ್ದವರಂತೆ ಹತ್ತೇ ನಿಮಿಷದಲ್ಲಿ ತಂದು ನಿಲ್ಲಿಸಿದರು. ಇಳಿದು ನೋಡಿದರೆ ಜಮೀನಿನ ದಾಖಲೆ ಕೊಡುವ ಕಚೇರಿ. ಬಾಗಿಲಲ್ಲೇ ಒಬ್ಬರು ಬಂದು "ಯಾವ ವರ್ಷದ್ದು ಬೇಕು?" ಅಂತ ಕೇಳಿದರು. ಅಭ್ಯಾಸಬಲದಿಂದ "ಅರವತ್ತರ ದಶಕದ್ದು ಇದ್ರೆ ಒಳ್ಳೇದು" ಅಂದುಬಿಟ್ಟೆ. "ಸಿಗುತ್ತೆ, ಅರ್ಜಿ ಕೊಡಿ" ಅಂದರು.

ನನಗೆ ಬೇಕಿದ್ದಿದ್ದು ಗ್ರಾಮಫೋನ್ ಪ್ಲೇಟು. ತಪ್ಪು ನನ್ನದೇ, ಪ್ಲೇಟು ಅಂತಲೇ ಹೇಳಬೇಕಿತ್ತು. ಆದರೆ ಹಾಗೆ ಹೇಳಿದ್ದರೆ ಪಾತ್ರೆ ಅಂಗಡಿ ಮುಂದೆ ಇಳಿಸುತ್ತಿದ್ದರೇನೋ.

ಅಕ್ಕನ ಜೊತೆ ಅವಳ ಕೆಲಸಕ್ಕೆ ಅಂತ ಬಂದಿದ್ದ ಊರು ಅದು. ಕೆಲಸ ಮುಗಿದು ಒಂದು ದಿನ ಕೈಯಲ್ಲಿತ್ತು. ಊರಲ್ಲಿ ರೈಲ್ವೆ ಮ್ಯೂಸಿಯಂ ಇದೆ, ಹಳೇ ಉಗಿಬಂಡಿ ಇಟ್ಟಿದ್ದಾರೆ, ಹೋಗೋಣ ಬಾ ಅಂತ ಬೆಳಿಗ್ಗೆಯಿಂದ ಕರೆಯುತ್ತಿದ್ದಳು. "ಇಷ್ಟು ದೂರ ಬಂದು ಇಂಜಿನ್ ಯಾರು ನೋಡ್ತಾರೆ ಅಕ್ಕಾ" ಅಂತ ನಾನು ತಪ್ಪಿಸಿಕೊಂಡೆ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಕಚೇರಿಯಿಂದ ಹೊರಬಂದು ಫೋನಿನ ಮ್ಯಾಪ್ ತೆಗೆದೆ. ಐದು ಅಂಗಡಿ ತೋರಿಸಿತು. ಮೊದಲನೆಯದು ಈಗ ಮೊಬೈಲ್ ಕವರ್ ಮಾರುತ್ತಿತ್ತು, ಬೋರ್ಡ್ ಮಾತ್ರ ಹಳೇದೇ. ಎರಡನೆಯದರ ಜಾಗದಲ್ಲಿ ಒಂದು ಗೋಡೆ ಇತ್ತು, ಬರೀ ಗೋಡೆ, ಅದರ ಮುಂದೆ ನಿಂತರೆ ಫೋನು "ನೀವು ತಲುಪಿದ್ದೀರಿ" ಅನ್ನುತ್ತಿತ್ತು. ಮೂರನೆಯದು ನಿಜವಾಗಿಯೂ ಇತ್ತು. ಬೀಗ ಹಾಕಿತ್ತು.

ಇದೊಂದು ಪಾಠ ನಾನು ಎಷ್ಟು ಊರಲ್ಲಿ ಕಲಿತರೂ ಮರೆಯುತ್ತೇನೆ. ಹಳೇ ಪ್ಲೇಟು ಮಾರುವವರು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಪೈಕಿ ಅಲ್ಲ. ಹನ್ನೆರಡಕ್ಕೆ ಬಂದರೆ ಬೇಗ ಬಂದ ಹಾಗೆ. ವಾರದ ರಜೆ ಯಾವತ್ತು ಅನ್ನುವುದು ಅವರ ಮನಸ್ಸಿಗೆ ಮಾತ್ರ ಗೊತ್ತು. ಮೊದಲೇ ಒಂದು ಫೋನ್ ಮಾಡಿಕೊಂಡು ಹೋಗಬೇಕು, ಅಷ್ಟೇ. ನಾನು ಮಾಡಿರಲಿಲ್ಲ. ಬೀಗದ ಮುಂದೆ ನಿಂತು ಮಾಡಿದೆ. ಒಳಗೆ ಫೋನ್ ರಿಂಗಾಗುವುದು ಕೇಳಿಸಿತು.

ನಾಲ್ಕನೆಯದು ತೆಗೆದಿತ್ತು. ಒಳಗೆ ಕಾಲಿಡುತ್ತಿದ್ದಂತೆ ಎದೆ ಧಸಕ್ಕೆಂದಿತು. ಗೋಡೆ ತುಂಬಾ ಪ್ಲೇಟಿನಿಂದ ಮಾಡಿದ ಗಡಿಯಾರಗಳು. ಕಾಯಿಸಿ ಬಗ್ಗಿಸಿದ ಬಟ್ಟಲುಗಳು. ಯಾರೋ ವರ್ಷಗಟ್ಟಲೆ ರಿಯಾಜ್ ಮಾಡಿ ಹಾಡಿದ್ದನ್ನು ತೂತಿಗೆ ಮುಳ್ಳು ಸಿಕ್ಕಿಸಿ ಹನ್ನೊಂದೂ ಮುಕ್ಕಾಲು ತೋರಿಸಲು ನೇತುಹಾಕಿದ್ದರು. ಇಂಥ ಅಂಗಡಿಯಲ್ಲಿ ಪ್ಲೇಟು ಎಂದರೆ ಅಲಂಕಾರ, ಕೇಳುವ ವಸ್ತುವಲ್ಲ. ತಕ್ಷಣ ಹೊರಡಬೇಕಿತ್ತು, ಅಲ್ವಾ? ಮೂಲೆಯಲ್ಲಿ ಒಂದು ಕಟ್ಟು 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು, ಕಂಡಿತು. ಮೇಲಿನದನ್ನು ಎತ್ತಿದೆ. ಕೈ ಜಾರಿತು.

ಬಹಳ ಹೊತ್ತು ಹಾಡುವ ಪ್ಲೇಟು ಎಲ್‌ಪಿ ಬಿದ್ದರೆ ಟಪ್ ಅಂತ ಸದ್ದು ಮಾಡಿ ಸುಮ್ನಾಗುತ್ತದೆ, ಅದು ವಿನೈಲ್ ಅನ್ನುವ ಪ್ಲಾಸ್ಟಿಕ್. 1948ರಲ್ಲಿ ಎಲ್‌ಪಿ ಬರುವ ಮುಂಚಿನ ಕಾಲದ ಈ 78ಗಳು ಹಾಗಲ್ಲ. ಅರಗು, ಕಲ್ಲಿನ ಪುಡಿ ಸೇರಿಸಿ ಒತ್ತಿದವು. ಬಿದ್ದರೆ ಪಿಂಗಾಣಿಯೇ. ಅರಗಿನ ಮನೆಯಿಂದ ಪಾಂಡವರಾದರೂ ಸುರಂಗದಲ್ಲಿ ಪಾರಾದರು, ಅರಗಿನ ಪ್ಲೇಟು ಒಡೆದ ನನಗೆ ಹೋಗಲು ದಾರಿಯೇ ಇರಲಿಲ್ಲ. ಮೂರು ಚೂರು ಎತ್ತಿಕೊಂಡು ಕೌಂಟರ್‌ಗೆ ಹೋಗಿ ದುಡ್ಡು ಕೊಟ್ಟೆ. ಅಂಗಡಿಯವರು ಪಾಪ, ಚೂರುಗಳನ್ನು ಕವರಿಗೆ ಹಾಕಿ, ಕೈಚೀಲದಲ್ಲಿಟ್ಟು ಬಿಲ್ಲಿನ ಸಮೇತ ಕೊಟ್ಟರು. ಆಮೇಲೆ ನನ್ನ ಮುಖ ನೋಡಿ ಅವರಿಗೇ ಏನನ್ನಿಸಿತೋ, ಒಂದು ಚೀಟಿಯ ಹಿಂದೆ ವಿಳಾಸ ಬರೆದು, "ನಿಮಗೆ ಬೇಕಿರೋದು ಇಲ್ಲಿಲ್ಲ ಸಾರ್, ಅಲ್ಲಿಗೆ ಹೋಗಿ" ಅಂದರು.

ನನ್ನ ಅನುಭವದಲ್ಲಿ ಒಳ್ಳೇ ಅಂಗಡಿ ಸಿಗುವುದು ಹೀಗೇ. ಒಂದು ಅಂಗಡಿಯವರು ಇನ್ನೊಂದಕ್ಕೆ ದಾಟಿಸಬೇಕು. ಈ ವ್ಯಾಪಾರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಯಾರ ಹತ್ತಿರ ಏನಿದೆ ಅನ್ನುವುದೂ ಗೊತ್ತು. ಬರಿಗೈಲಿ ಕೇಳಿದರೂ ಹೇಳುತ್ತಾರೆ, ಏನಾದರೂ ಒಂದು ಕೊಂಡು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ಒಡೆದು ಕೇಳಿದರೂ ನಡೆಯುತ್ತದೆ ಅಂತ ಅವತ್ತು ಗೊತ್ತಾಯಿತು.

ಚೀಟಿಯಲ್ಲಿದ್ದ ವಿಳಾಸ ಒಂದು ಹಳೇ ಕಟ್ಟಡದ ಎರಡನೇ ಮಹಡಿ. ಬೋರ್ಡಿಲ್ಲ. ಮೆಟ್ಟಿಲು ಎಷ್ಟು ಇಕ್ಕಟ್ಟಾಗಿತ್ತೆಂದರೆ ಮೇಲಿಂದ ಯಾರಾದರೂ ಇಳಿದು ಬಂದಿದ್ದರೆ ಇಬ್ಬರಲ್ಲಿ ಒಬ್ಬರು ವಾಪಸ್ ಹೋಗಬೇಕಿತ್ತು. ಆದರೆ ಅರ್ಧ ಹತ್ತುವಷ್ಟರಲ್ಲೇ ಆ ವಾಸನೆ ಬಂತು. ಹಳೇ ರಟ್ಟು, ಧೂಳು, ಸ್ವಲ್ಪ ಮುಗ್ಗಲು. ಗೊತ್ತಿರುವವರಿಗೆ ಗೊತ್ತು.

ಒಳಗೆ ನೆಲದ ಮೇಲೆಲ್ಲ ಪೆಟ್ಟಿಗೆ. ಕೈಯಲ್ಲಿ ಬರೆದ ರಟ್ಟಿನ ಚೀಟಿ ನಿಲ್ಲಿಸಿ ವಿಂಗಡಿಸಿದ್ದರು, ಅದರಲ್ಲಿ ಒಂದರ ಮೇಲೆ "ಇನ್ನೂ ನೋಡಿಲ್ಲ" ಅಂತ ಬರೆದಿತ್ತು. ಕಿಟಕಿ ಪಕ್ಕ ಕೇಳಿ ನೋಡಲು ಒಂದು ಟರ್ನ್‌ಟೇಬಲ್, ಹೆಡ್‌ಫೋನು, ಧೂಳು ಒರೆಸುವ ಬ್ರಶ್ಶು. ಯಜಮಾನರು ತಲೆ ಎತ್ತಲೂ ಇಲ್ಲ. ಸ್ವರ್ಗ ಅಂದರೆ ಇದೇ.

ಪೆಟ್ಟಿಗೆ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಪ್ಲೇಟು ನನ್ನ ಕಡೆ ಬಾಗಿಸುತ್ತಾ ಹೋದೆ. ಗಂಟೆಗಟ್ಟಲೆ. ಬೆರಳ ತುದಿ ಕಪ್ಪಾಯಿತು, ಮಂಡಿ ನನ್ನದಲ್ಲ ಅನ್ನಿಸತೊಡಗಿತು. ಪಕ್ಕದಲ್ಲಿ ಒಬ್ಬ ಹುಡುಗ ಮೊದಲ ಸಲ ಬಂದಿದ್ದ ಅಂತ ಕಾಣುತ್ತದೆ, ಚೀಟಿಯ ಮೇಲೆ "ವೆರಿ ಗುಡ್" ಅಂತ ಬರೆದದ್ದನ್ನು ನೋಡಿ ಆಸೆಯಿಂದ ಎತ್ತಿಕೊಂಡ. ನನಗೆ ಸುಮ್ನಿರಲು ಆಗಲಿಲ್ಲ. ತಮ್ಮಾ, ಈ ಲೋಕದಲ್ಲಿ ಮಾರ್ಕು ಕೊಡುವ ಲೆಕ್ಕ ಬೇರೆ ಅಂತ ಶುರು ಮಾಡಿದೆ. ಗೋಲ್ಡ್‌ಮೈನ್ ಅನ್ನುವ ಅಮೆರಿಕದ ಪತ್ರಿಕೆಯ ಹೆಸರಲ್ಲಿ ಒಂದು ಅಳತೆ ಚಾಲ್ತಿಯಲ್ಲಿದೆ. "ಮಿಂಟ್" ಅಂದರೆ ಮುಟ್ಟಿಯೇ ಇಲ್ಲ. "ನಿಯರ್ ಮಿಂಟ್" ಅಂದರೆ ಹೊಸದರ ಹಾಗಿದೆ. "ವೆರಿ ಗುಡ್ ಪ್ಲಸ್" ಅಂದರೆ ಚೆನ್ನಾಗಿದೆ. "ವೆರಿ ಗುಡ್" ಅಂದರೆ ಚಟಪಟ ಸದ್ದು ಖಂಡಿತ. ಬರೀ "ಗುಡ್" ಅಂದರೆ ಮುಳ್ಳು ಹಾರದೆ ಕೊನೆ ಮುಟ್ಟುತ್ತದೆ, ಅಷ್ಟೇ, ಹಾಡು ಒಗ್ಗರಣೆಯ ಹಿಂದಿನಿಂದ ಕೇಳುತ್ತದೆ. ಸಂಬಂಧ ಹುಡುಕುವಾಗ "ಹುಡುಗ ಒಳ್ಳೆಯವನು" ಅಂತ ಮಾತ್ರ ಹೇಳಿ ನಿಲ್ಲಿಸುತ್ತಾರಲ್ಲ, ಆ ಒಳ್ಳೆಯದು.

ಹುಡುಗ ಗಮನ ಕೊಟ್ಟು ಕೇಳುತ್ತಿದ್ದ. ನಾನು ಇನ್ನೂ ಏರಿದೆ. ಕವರ್ ನೋಡಿ ಯಾವತ್ತೂ ಕೊಳ್ಳಬೇಡ. ಪ್ಲೇಟು ಹೊರಗೆ ತೆಗಿ, ಅಂಚು ಮತ್ತು ಮಧ್ಯದ ಲೇಬಲ್ ಬಿಟ್ಟು ಬೇರೆಲ್ಲೂ ಮುಟ್ಟಬೇಡ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿ, ಉಗುರಿಗೆ ತಾಕುವಂಥ ಗೀರಿದ್ದರೆ ಕಿವಿಗೂ ತಾಕುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯಾ ನೋಡು. ಒಂದು ಮಗ್ಗುಲಲ್ಲಿ ಇರೋದು ಒಂದೇ ಗೆರೆ ಗೊತ್ತಾ, ಸುತ್ತಿ ಸುತ್ತಿ ಒಳಗೆ ಹೋಗುತ್ತೆ, ಬಿಚ್ಚಿ ಎಳೆದರೆ ಹೆಚ್ಚೂಕಡಿಮೆ ಅರ್ಧ ಕಿಲೋಮೀಟರ್, ಅದರಲ್ಲಿ ಎಲ್ಲಿ ಕೆಟ್ಟರೂ ಕೆಟ್ಟಿದ್ದೇ. ಎಲ್ಲಕ್ಕಿಂತ ಮುಖ್ಯ, ಕವರಿನ ಹೆಸರೂ ಲೇಬಲ್ಲಿನ ಹೆಸರೂ ಒಂದೇನಾ ಅಂತ ನೋಡು. ಎಷ್ಟೋ ಮನೆಯಲ್ಲಿ ಅದರದ್ದು ಇದಕ್ಕೆ ಹಾಕಿ ಮಾರಿರುತ್ತಾರೆ. ಯಜಮಾನರು ಅವತ್ತು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

ಹೀಗೆ ಏಳು ಪ್ಲೇಟು ಆರಿಸಿದೆ. ಏಳನ್ನೂ ಬೆಳಕಿಗೆ ಹಿಡಿದೆ, ಏಳನ್ನೂ ಹೆಡ್‌ಫೋನಿನಲ್ಲಿ ಕೇಳಿದೆ. ಅಷ್ಟರಲ್ಲಿ ಅಕ್ಕನ ಫೋನು. "ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡಿದ್ದೀನಿ, ಇಳೀತೀಯೋ, ನಾನೇ ಹತ್ತಲೋ?" ಅವಳು ಹತ್ತಿದರೆ ಮಾತು ಬೇರೆಯಾಗುತ್ತದೆ. ಏಳುವಾಗ "ಇನ್ನೂ ನೋಡಿಲ್ಲ" ಪೆಟ್ಟಿಗೆಯಲ್ಲಿ ಒಂದು ಪಿಟೀಲಿನ ಎಲ್‌ಪಿ ಕಣ್ಣಿಗೆ ಬಿತ್ತು, ವರ್ಷಾನುಗಟ್ಟಲೆ ಹುಡುಕುತ್ತಿದ್ದದ್ದು, ಕವರ್ ಹೊಚ್ಚಹೊಸದರಂತಿತ್ತು. ಎದೆಗವಚಿಕೊಂಡು ದುಡ್ಡು ಕೊಟ್ಟು ಇಳಿದೆ.

ಪ್ಲೇಟು ಊರಿಗೆ ಸಾಗಿಸುವುದು ಇನ್ನೊಂದು ಪುರಾಣ. 12 ಇಂಚು ಅಂದರೆ ಕವರ್ ಸೇರಿ ಸುಮಾರು 31 ಸೆಂಟಿಮೀಟರ್, ಕೈಚೀಲಕ್ಕೆ ಹೋಗಲು ಒಂದೇ ಒಂದು ಬೆರಳು ಜಾಗ ಸಾಲುವುದಿಲ್ಲ, ಯಾವಾಗಲೂ ಹಾಗೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹಪ್ಪಳದಂತೆ ಅಲೆ ಅಲೆಯಾಗುತ್ತವೆ. ನನ್ನ ಬಟ್ಟೆಗಳನ್ನು ಅಕ್ಕನ ಸೂಟ್‌ಕೇಸಿಗೆ ದಾಟಿಸಿ, ಪ್ಲೇಟುಗಳನ್ನು ಎರಡು ರಟ್ಟಿನ ಮಧ್ಯೆ ನನ್ನದರಲ್ಲಿ ನೆಟ್ಟಗೆ ನಿಲ್ಲಿಸಿದೆ. ಒಡೆದ 78 ಕೂಡ ಬಂತು. ಬಿಲ್ ಇತ್ತಲ್ಲ.

ಮನೆಗೆ ಬಂದ ಸಂಜೆ ಮೊದಲು ಹಾಕಿದ್ದು ಆ ಪಿಟೀಲನ್ನೇ. ಅಕ್ಕನನ್ನು ಕೂರಿಸಿ, ಕೇಳು ಇದರ ಬೆಲೆ ಗೊತ್ತಾಗುತ್ತೆ ಅಂದು, ದೀಪ ಸಣ್ಣ ಮಾಡಿ, ಮುಳ್ಳಿಟ್ಟು ಕಣ್ಣು ಮುಚ್ಚಿದೆ.

ಮೊದಲು ಒಂದು ಸೀಟಿ. ಆಮೇಲೆ "ಛುಕ್", ಒಂದು ಉಸಿರು ಬಿಟ್ಟು ಇನ್ನೊಂದು "ಛುಕ್".

ಲೇಬಲ್ ನೋಡಿದೆ. ಉಗಿಬಂಡಿಗಳ ಸದ್ದು. ಒಂದು ಕಾಲದಲ್ಲಿ ಇಂಜಿನ್ ಹುಚ್ಚಿರುವವರಿಗೆ ಅಂತಲೇ ಇಂಥ ಪ್ಲೇಟು ಮಾಡಿ ಮಾರುತ್ತಿದ್ದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕುರ್ಚಿಯಿಂದ ಜಾರುತ್ತಿದ್ದಳು. "ಇಂಜಿನ್ ಯಾರು ನೋಡ್ತಾರೆ ಅಂದೆಯಲ್ಲೋ... ನೋಡಲ್ಲ, ಕೇಳ್ತೀಯಾ!" ಮುಳ್ಳೆತ್ತಲು ಹೋದರೆ ಕೈಗೆ ಹೊಡೆದಳು. ಮ್ಯೂಸಿಯಮ್ಮಿನಲ್ಲಿ ಗೈಡ್ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ, ಇದು ಏರು ಹತ್ತುತ್ತಿದೆ, ಇದು ಉಗಿ ಬಿಡೋದು, ಇದು ಬ್ರೇಕು ಅಂತ ವಿವರಿಸುತ್ತಾ ಹೋದಳು, ಅರ್ಧ ಕಿಲೋಮೀಟರ್ ಪೂರ್ತಿ ರೈಲೇ ಓಡಿತು.

"ಹಿಂದಿನ ಮಗ್ಗುಲು ಹಾಕು," ಅಂದಳು.

ತಿರುಗಿಸಿ ಓದಿದೆ. ಶಂಟಿಂಗ್.