ಗೀಸರ್ ಹಳತಾದರೆ ದುಡ್ಡು ಯಾರದು?

ಬಾಡಿಗೆ ಮನೆಯ ಗೀಸರ್ ಹಳತಾಗಿ ಕೈಕೊಟ್ಟರೆ ಹೊಸದು ಹಾಕಿಸಬೇಕಾದ್ದು ಮನೆ ಮಾಲೀಕರು. ಇದರಲ್ಲಿ ವಾದ ಮಾಡೋಕೆ ಏನೂ ಇಲ್ಲ ಅಂದುಕೊಂಡಿದ್ದೆ. ಆದರೆ ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಎತ್ತಿದ್ದೇ ತಡ, ಅರ್ಧ ಜನ "ಬಳಸೋರು ನೀವು, ನೀವೇ ಹಾಕಿಸ್ಕೊಳ್ಳಿ" ಅಂದರು. ಹಾಗಂದವರಲ್ಲಿ ಹೆಚ್ಚಿನವರು ಎರಡನೇ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಟ್ಟವರು ಅನ್ನೋದು ಬೇರೆ ಮಾತು.

ನಾವಿರುವುದು ವಾಕಡ್‌ನಲ್ಲಿ. ಎತ್ತರದ ಸೊಸೈಟಿ, ಅದರಲ್ಲಿ ಕೆಳಗಿನ ಮಹಡಿ. ವರ್ಷದಲ್ಲಿ ಬಹಳ ಕಾಲ ಟ್ಯಾಂಕರ್ ನೀರೇ ಗತಿ, ಅದೂ ಬೋರ್‌ವೆಲ್ಲಿನ ಗಡಸು ನೀರು. ಗೀಸರ್‌ಗೆ ಕಟ್ಟಡದಷ್ಟೇ ವಯಸ್ಸು. ಮೊದಲು ಬಿಸಿನೀರು ಕೆಂಪಗೆ ಬರತೊಡಗಿತು. ಆಮೇಲೆ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದರೆ ಜುಮ್ ಅನ್ನತೊಡಗಿತು. ಅಲ್ಲಿಗೆ ಬಕೆಟ್ಟು, ಗ್ಯಾಸ್ ಒಲೆ ಮೇಲೆ ಪಾತ್ರೆ ಶುರುವಾಯಿತು.

ಪ್ಲಂಬರ್ ಬಂದು ಕೆಳಗಿನ ಮುಚ್ಚಳ ಬಿಚ್ಚಿದ. ಮೊದಲು ತುಕ್ಕಿನ ನೀರು, ಅದರ ಹಿಂದೆಯೇ ಹಿಡಿ ಹಿಡಿ ಸುಣ್ಣದ ಹಕ್ಕಳೆ ಬಕೆಟ್ಟಿಗೆ ಬಿತ್ತು. ನೀರು ಕಾಯಿಸುವ ಎಲಿಮೆಂಟ್ ಮೇಲೆಲ್ಲ ಅದೇ ಹಕ್ಕಳೆ, ಒಂದು ಕಡೆ ಲೋಹ ಸೀಳಿತ್ತು. ಅದರ ಪಕ್ಕದಲ್ಲಿ ಮೆಗ್ನೀಸಿಯಂ ಕಡ್ಡಿ ಅಂತ ಒಂದಿರುತ್ತದೆ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಗಡಸು ನೀರಿನ ಕಡೆ ಅದನ್ನು ಆಗಾಗ ತೆಗೆದು ನೋಡಿ, ಸವೆದಿದ್ದರೆ ಬದಲಿಸಬೇಕು. ನಮ್ಮದರಲ್ಲಿ ಕಡ್ಡಿ ಪೂರ್ತಿ ಕರಗಿ ನಡುವಿನ ತಂತಿ ಮಾತ್ರ ಉಳಿದಿತ್ತು. ಅಂದರೆ ಟ್ಯಾಂಕ್ ಕೊರೆಯೋಕೆ ಶುರುವಾಗಿ ಎಷ್ಟು ಕಾಲ ಆಗಿತ್ತೋ. "ಸರ್, ಎಲಿಮೆಂಟ್ ಹಾಕಿದ್ರೂ ಟ್ಯಾಂಕ್ ಉಳಿಯಲ್ಲ" ಅಂದ ಅವನು.

ನನ್ನ ವಾದ ಇಲ್ಲೇ ಇದೆ. ಈ ಕಡ್ಡಿ ಒಂದು ಚಳಿಗಾಲಕ್ಕೆ ಹೀಗಾಗುವುದಿಲ್ಲ. ನಮಗಿಂತ ಮೊದಲು ಎಷ್ಟೋ ಬಾಡಿಗೆದಾರರು ಬಂದು ಹೋಗಿದ್ದಾರೆ, ಎಲ್ಲರೂ ಇದೇ ಗೀಸರ್‌ನಲ್ಲಿ ಸ್ನಾನ ಮಾಡಿದ್ದಾರೆ, ಎಲ್ಲರ ಬಾಡಿಗೆಯೂ ಮಾಲೀಕರಿಗೇ ಸೇರಿದೆ. ಈಗ ಹೊಸದರ ಖರ್ಚು ನನ್ನ ತಲೆಗೆ ಅಂದರೆ, ಪಂಕ್ತಿಯಲ್ಲಿ ಊಟ ಮಾಡಿದವರೆಲ್ಲರ ಬಿಲ್ಲನ್ನು ಕೊನೆಗೆ ಕೈ ತೊಳೆಯಲು ಎದ್ದವನಿಗೆ ಕೊಟ್ಟ ಹಾಗೆ.

ಮಾಲೀಕರು ಕೆಟ್ಟವರಲ್ಲ. ಮೊದಲು "ಥೋಡಂ ಅಡ್ಜಸ್ಟ್ ಕರಾ", ಅಂದರೆ ಸ್ವಲ್ಪ ಹೊಂದಿಕೊಳ್ಳಿ, ಅಂದರು. ಆಮೇಲೆ "ನೀವೇ ಹಾಕಿಸಿ, ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಿ" ಅಂದರು. ಕೇಳೋಕೆ ಚೆನ್ನಾಗಿದೆ. ಬಿಚ್ಚಿಕೊಂಡು ಎಲ್ಲಿಗೆ ಹೋಗಲಿ? ಮುಂದಿನ ಮನೆಯಲ್ಲಿ ಗೀಸರ್ ಇದ್ದೇ ಇರುತ್ತದೆ. ಟೈಲ್ಸ್‌ನಲ್ಲಿ ಉಳಿದ ತೂತಿಗೆ ಡಿಪಾಸಿಟ್‌ನಲ್ಲಿ ಕಡಿತವೂ ಇರುತ್ತದೆ.

ಕೊನೆಗೆ ಬಾತ್‌ರೂಮಿನೊಳಗೇ ಕಡಿಮೆ ರೇಟಿನ ಗ್ಯಾಸ್ ಗೀಸರ್ ಹಾಕಿಸುತ್ತೇನೆ ಅಂದರು. ಅದಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಅಂದೆ. ಪುಣೆಯಲ್ಲಿ ಗ್ಯಾಸ್ ಗೀಸರ್ ಜಾಸ್ತಿ, ಗೊತ್ತು. ಬಟ್ಟೆ ಒಗೆದು ಒಣಗಿಸುವ ತೆರೆದ ಡ್ರೈ ಬಾಲ್ಕನಿಯಲ್ಲಿ ಗಾಳಿಗೆ ಇದ್ದರೆ ಸರಿ. ಮುಚ್ಚಿದ ಬಾತ್‌ರೂಮಿನಲ್ಲಿ ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದರೆ ಚಿಲಕ ಹಾಕಿದ ಬಾಗಿಲು ಒಡೆಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇದರಲ್ಲಿ ಅಡ್ಜಸ್ಟ್ ಮಾಡಿಕೊಳ್ಳಬೇಡಿ.

ಕಾನೂನಿನ ವಿಷಯ ಹೇಳಿಬಿಡುತ್ತೇನೆ, ಅದು ಪೂರ್ತಿ ನನ್ನ ಕಡೆಗಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗೆ ಬರುತ್ತದೆ, ಪೈಪು ಮತ್ತು ವೈರಿಂಗ್ ಮಾಲೀಕರ ಪಾಲಿಗೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ಒಪ್ಪಿ ತಂದರೆ ಮಾತ್ರ ಜಾರಿ. ಮಹಾರಾಷ್ಟ್ರದಲ್ಲಿ ನಡೆಯುವುದು 1999ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ 14ನೇ ಕಲಮಿನ ಪ್ರಕಾರ ಮನೆಯನ್ನು ವಾಸಕ್ಕೆ ಯೋಗ್ಯವಾಗಿ ಇಡುವ ಹೊಣೆ ಮಾಲೀಕರದು. 15 ದಿನದ ನೋಟಿಸ್ ಕೊಟ್ಟೂ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ರಿಪೇರಿ ಮಾಡಿಸಿ, ವರ್ಷದ ಬಾಡಿಗೆಯ ಕಾಲು ಭಾಗ ಮೀರದಂತೆ ಮುರಿದುಕೊಳ್ಳಬಹುದು. ಒಂದೇ ತೊಡಕು: ನಮ್ಮ ಹನ್ನೊಂದು ತಿಂಗಳ ಕಾಗದ ಲೀವ್ ಅಂಡ್ ಲೈಸೆನ್ಸ್. ಅದರಲ್ಲಿ ನಾವು ಬಾಡಿಗೆದಾರರೇ ಅಲ್ಲ, ಲೈಸೆನ್ಸಿಗಳು, ಅಂದರೆ ಮನೆ ಬಳಸೋಕೆ ಬರೀ ಅನುಮತಿ ಪಡೆದವರು. ಹಾಗಾಗಿ ಕಲಮು ತೋರಿಸಿ ಜಗಳ ಮಾಡುವುದಕ್ಕಿಂತ ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳುವುದು ವಾಸಿ. ಹೆಚ್ಚಿನ ಅಗ್ರಿಮೆಂಟುಗಳಲ್ಲಿ ಸಹಜ ಸವೆತ ನಮ್ಮ ಹೊಣೆಯಲ್ಲ ಅನ್ನುವ ಸಾಲು ಇರುತ್ತದೆ. ನಾನು ಹಿಡಿದದ್ದು ಅದನ್ನೇ, ಕಡ್ಡಿಯ ಫೋಟೋ ಸಮೇತ.

ಮಾಲೀಕರು ಒಪ್ಪಿದರು. ಗೀಸರ್ ದುಡ್ಡು ಅವರದು, ಫಿಟಿಂಗ್ ನನ್ನದು. ಫಿಟಿಂಗೂ ಅವರದೇ ಆಗಬೇಕಿತ್ತು ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ, ಅವಳ ಮಾತು ಸರಿ.

ಕೊಳ್ಳುವಾಗ ಅಂಗಡಿಯವರು ಮೊದಲು ತೋರಿಸುವುದು ಸ್ಟಾರ್. ಅದು ಬಿಸಿ ಮಾಡಿಟ್ಟ ನೀರು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಸ್ನಾನಕ್ಕೆ ಮುಂಚೆ ಹಾಕಿ ಆಮೇಲೆ ಆರಿಸುವವರಿಗೆ ಅದರಿಂದ ದೊಡ್ಡ ಫರಕು ಇಲ್ಲ. ಎತ್ತರದ ಕಟ್ಟಡದಲ್ಲಿ ನೋಡಬೇಕಾದ್ದು ಪ್ರೆಷರ್. ಮೇಲಿನ ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗಿಳಿದರೆ ಸುಮಾರು ಒಂದು ಬಾರ್ ಒತ್ತಡ ಏರುತ್ತದೆ. ಕೆಳಗಿನ ಮನೆಯವರು 8 ಬಾರ್ ತಡೆಯುವುದನ್ನೇ ತಗೊಳ್ಳಿ. ಜೊತೆಗೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕತ್ತರಿಸುವ ಸ್ವಿಚ್) ಇದೆಯಾ ನೋಡಿ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ, ನಲ್ಲಿಗೆ ಸೋರುವ ಅಷ್ಟು ಸಣ್ಣ ಕರೆಂಟಿಗೆ ಅದು ಬೀಳುವುದಿಲ್ಲ. ಬಿಲ್ಲು ಮಾಲೀಕರ ಹೆಸರಲ್ಲೇ ಮಾಡಿಸಿ. ವಸ್ತು ಉಳಿಯುವುದು ಅವರ ಗೋಡೆಯ ಮೇಲೆ ತಾನೆ?

ಮುಂದಿನ ತಿಂಗಳು ಅಗ್ರಿಮೆಂಟ್ ರಿನ್ಯೂ ಇದೆ. ಒಂದು ಸಾಲು ಸೇರಿಸಿ ಅಂತ ಏಜೆಂಟನಿಗೆ ಕಳಿಸಿದ್ದೇನೆ: ಗೀಸರ್ ಸರ್ವಿಸ್ ಮತ್ತು ಕಡ್ಡಿ ಬದಲಿಸುವ ಖರ್ಚು ಇರುವವರದು, ಟ್ಯಾಂಕ್ ಹೋದರೆ ಹೊಸ ಗೀಸರ್ ಮಾಲೀಕರದು. "ಇಷ್ಟೆಲ್ಲ ಯಾರೂ ಬರೆಸಲ್ಲ ಸರ್" ಅಂತ ಉತ್ತರ ಬಂದಿದೆ. ನಿಮ್ಮಲ್ಲಿ ಯಾರಾದರೂ ಬರೆಸಿದ್ದರೆ ಆ ಪುಟದ ಫೋಟೋ ಕಳಿಸಿ, ಅವನಿಗೆ ತೋರಿಸಬೇಕು.